ಕ್ಯಾಮರಾದ ಮೆಮೊರಿ ಕಾರ್ಡು: ಫಾರ್ಮ್ಯಾಟ್ ಮಾಡುವ ಕ್ರಮ ಮತ್ತು ಜೋಪಾನ



ಆಲಿಕಲ್ಲು ಬಿದ್ದ ಹೊಲವನ್ನು ತಪಾಸಣೆ ಮಾಡುವವರು ಕಲ್ಲು ಬಿದ್ದ ದಿನವೇ ಬರುವುದು ಅಪರೂಪ. ಅವರು ಬರುವ ವೇಳೆಗೆ ಕಲ್ಲು ಕರಗಿರುತ್ತದೆ, ನಿಂತ ನೀರು ಇಂಗಿರುತ್ತದೆ, ಹರಿದ ಎಲೆ ಒಣಗಿ ಉದುರಿರುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಭೂಕುಸಿತಗಳಂತಹ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿರುವುದು ನಿಮಗೆ ಗೊತ್ತೇ ಇದೆ. ತಿಳಿಸಿದ ಮೇಲೆ ಹೊಲದ ಪರವಾಗಿ ಸಾಕ್ಷಿ ಹೇಳುವುದು ಆ ದಿನವೇ ತೆಗೆದ ಛಾಯಾಚಿತ್ರ. ಅದು ತಪಾಸಣೆಗೆ ಬದಲಿಯಲ್ಲ. ಆದರೆ ಅದಿಲ್ಲದಿದ್ದರೆ ನಿಮ್ಮ ಮಾತೊಂದೇ ಉಳಿಯುತ್ತದೆ.

ಈ ಸಾಕ್ಷಿ ಇರುವುದು ಕ್ಯಾಮರಾದೊಳಗಿನ ಒಂದು ಸಣ್ಣ ಬಿಲ್ಲೆಯಲ್ಲಿ. ದೊಡ್ಡ ಕ್ಯಾಮರಾದ ಎಸ್‌ಡಿ ಕಾರ್ಡು ಅಂಚೆಚೀಟಿಯಷ್ಟು ಅಗಲವಿದ್ದರೆ, ಮೊಬೈಲಿಗೂ ತೋಟದ ಕಾವಲು ಕ್ಯಾಮರಾಕ್ಕೂ ಹಾಕುವ ಮೈಕ್ರೋ ಎಸ್‌ಡಿ ಕಾರ್ಡು ಕಿರುಬೆರಳಿನ ಉಗುರಿನಷ್ಟು. ಯುವಕ ಸಂಘಗಳಲ್ಲಿ, ಹಾಲಿನ ಸಂಘಗಳಲ್ಲಿ, ಸ್ತ್ರೀಶಕ್ತಿ ಗುಂಪುಗಳಲ್ಲಿ ಒಂದೇ ಕ್ಯಾಮರಾ ಹತ್ತು ಕೈ ತಿರುಗುತ್ತದೆ. ಇಂದು ಹೊಲಕ್ಕೆ ಹೋದದ್ದು ನಾಳೆ ನಾಮಕರಣಕ್ಕೆ ಹೋಗುತ್ತದೆ. ನಾಮಕರಣಕ್ಕೆ ಒಯ್ದವರು ಕಾರ್ಡು ತುಂಬಿದೆಯೆಂದು ಫಾರ್ಮ್ಯಾಟ್ ಗುಂಡಿ ಒತ್ತಿದರೆ ಹಿಂದಿನವರ ಹೊಲದ ಗತಿಯೇನು? ಇದಕ್ಕಾಗಿಯೇ ಈ ಪಾಠ.

ಫಾರ್ಮ್ಯಾಟ್ ಎಂದರೇನು?

ಕಾರ್ಡಿನೊಳಗೆ ಎರಡು ಭಾಗಗಳಿವೆಯೆಂದು ಭಾವಿಸಿ. ಒಂದು ಭಾಗ ಹೊಲವಿದ್ದಂತೆ, ಚಿತ್ರಗಳು ಅಲ್ಲಿರುತ್ತವೆ. ಇನ್ನೊಂದು ಪಹಣಿ ಇದ್ದಂತೆ. ಯಾವ ಚಿತ್ರ ಎಲ್ಲಿಂದ ಎಲ್ಲಿಯವರೆಗೆ ಇದೆ, ಯಾವ ಜಾಗ ಖಾಲಿ ಇದೆ ಎಂಬುದು ಅದರಲ್ಲಿ ಬರೆದಿರುತ್ತದೆ. ಕ್ಯಾಮರಾ ಮೊದಲು ಪಹಣಿಯನ್ನು ನೋಡಿ, ಆಮೇಲೆ ಹೊಲಕ್ಕೆ ಹೋಗುತ್ತದೆ. ಸಾಮಾನ್ಯ ಫಾರ್ಮ್ಯಾಟ್ ಮಾಡಿದಾಗ ಹಳೆಯ ಪಹಣಿಯನ್ನು ಅಳಿಸಿ, ಹೊಲವೆಲ್ಲ ಬೀಳು ಎಂದು ಹೊಸದಾಗಿ ಬರೆದಿಡಲಾಗುತ್ತದೆ. ಹೊಲದಲ್ಲಿನ ಬೆಳೆ ಮಾತ್ರ ಸಾಮಾನ್ಯವಾಗಿ ಅಲ್ಲಿಯೇ ನಿಂತಿರುತ್ತದೆ. ಯಾವಾಗ ಹೊಸ ಚಿತ್ರ ಬಂದು ಅದೇ ಜಾಗದಲ್ಲಿ ಕೂರುತ್ತದೆಯೋ ಆಗ ಹಳೆಯದು ಉತ್ತುಹೋದಂತೆ ಪೂರ್ತಿ ನಾಶವಾಗುತ್ತದೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತುಗಳೆಲ್ಲ ಸುಲಭವಾಗಿ ತಿಳಿಯುತ್ತವೆ.

ಹಾಗಾದರೆ ಫಾರ್ಮ್ಯಾಟ್ ಮಾಡುವುದೇಕೆ, ಬೇಡದ ಚಿತ್ರಗಳನ್ನು ಒಂದೊಂದಾಗಿ ಅಳಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಒಂದೆರಡನ್ನು ಅಳಿಸಿದರೆ ತೊಂದರೆಯಿಲ್ಲ. ಆದರೆ ತಿಂಗಳುಗಟ್ಟಲೆ ಅಲ್ಲೊಂದು ಇಲ್ಲೊಂದು ಅಳಿಸುತ್ತ, ಒಂದೇ ಕಾರ್ಡನ್ನು ಮೂರು ಕ್ಯಾಮರಾಗಳಿಗೆ ಹಾಕುತ್ತ ಹೋದರೆ ಪಹಣಿ ಗೋಜಲಾಗುತ್ತದೆ. ಚಿತ್ರಗಳು ತುಂಡು ತುಂಡಾಗಿ ಹಂಚಿಹೋಗುತ್ತವೆ. ಮುಂದೆ ಕಳೆದ ಚಿತ್ರವನ್ನು ಹುಡುಕಬೇಕಾಗಿ ಬಂದರೆ ಅಂಥವು ಸಿಗುವುದೇ ಕಷ್ಟ. ಚಿತ್ರಗಳ ನಕಲು ತೆಗೆದಾದ ಮೇಲೆ ಒಮ್ಮೆ ಫಾರ್ಮ್ಯಾಟ್ ಮಾಡಿ ಮುಂದಿನ ಕೆಲಸಕ್ಕೆ ಹಸನಾದ ಕಾರ್ಡನ್ನು ಹಾಕುವುದೇ ಒಳ್ಳೆಯ ಕ್ರಮ.

ಮೊದಲು ನಕಲು, ಆಮೇಲೆ ಫಾರ್ಮ್ಯಾಟ್

ಕಾರ್ಡು ಕಣಜವಲ್ಲ, ಹೊಲದಿಂದ ಮನೆಗೆ ಕಾಳು ಹೊರುವ ಮಂಕರಿ. ಒಂದು ಚಿತ್ರಕ್ಕೆ 6 ಎಂಬಿ ಎಂದು ಹಿಡಿದರೂ 32 ಜಿಬಿ ಕಾರ್ಡಿನಲ್ಲಿ ಸುಮಾರು 5,000 ಚಿತ್ರ ಹಿಡಿಯುತ್ತದೆ. ಇಷ್ಟು ಜಾಗವಿದೆಯೆಂದು ಎರಡು ವರ್ಷದ ಬೆಳೆಯನ್ನು ಮಂಕರಿಯಲ್ಲೇ ಬಿಡುವುದು ಜಾಣತನವಲ್ಲ. ಚಿತ್ರ ತೆಗೆದ ದಿನ ಸಂಜೆಯೇ ಸಂಘದ ಕಂಪ್ಯೂಟರಿಗೆ ಒಂದು ನಕಲು, ಪೆನ್‌ಡ್ರೈವಿಗೆ ಇನ್ನೊಂದು ನಕಲು ಮಾಡಿ. ನಕಲಿಟ್ಟ ಕಡತಕ್ಕೆ ತಾರೀಖನ್ನೂ ಸರ್ವೆ ನಂಬರನ್ನೂ ಹೆಸರಾಗಿ ಕೊಡಿ. ನಕಲಾಯಿತೆಂದು ನಂಬಿ ಎದ್ದುಬಿಡಬೇಡಿ. ಮೊದಲಿನದು, ನಡುವಿನದು, ಕೊನೆಯದು ಹೀಗೆ ನಾಲ್ಕಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಹೆಸರು ಮಾತ್ರ ಬಂದು ಚಿತ್ರ ಬಾರದಿರುವುದೂ ಉಂಟು.

ಇದಾದ ನಂತರ ಕಾರ್ಡನ್ನು ಕ್ಯಾಮರಾಕ್ಕೆ ಹಾಕಿ. ಬ್ಯಾಟರಿ ತುಂಬಿರಲಿ, ಅರ್ಧದಲ್ಲಿ ಕ್ಯಾಮರಾ ಆರಿದರೆ ಪಹಣಿಯೂ ಅರ್ಧಕ್ಕೇ ನಿಲ್ಲುತ್ತದೆ. ಮೆನು ಗುಂಡಿ ಒತ್ತಿ, ಸ್ಪಾನರಿನ ಗುರುತಿರುವ ಪುಟಕ್ಕೆ ಹೋದರೆ ಬಹುಪಾಲು ಕ್ಯಾಮರಾಗಳಲ್ಲಿ ಫಾರ್ಮ್ಯಾಟ್ ಎಂಬುದು ಸಿಗುತ್ತದೆ. ಅದನ್ನು ಆರಿಸಿ ಸಮ್ಮತಿ ಕೊಟ್ಟರೆ ಕೆಲವೇ ಕ್ಷಣಗಳಲ್ಲಿ ಕೆಲಸ ಮುಗಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲವು ಚಿತ್ರಗಳಿಗೆ ಕೀಲಿಕೈ ಗುರುತು ಹಾಕಿ ಕಾಪಾಡಿಕೊಳ್ಳುವ ಸೌಕರ್ಯ ಕ್ಯಾಮರಾದಲ್ಲಿದೆಯಷ್ಟೆ. ಎಲ್ಲವನ್ನೂ ಅಳಿಸು ಎಂದಾಗ ಆ ಗುರುತಿನ ಚಿತ್ರಗಳು ಉಳಿಯುತ್ತವೆ, ಫಾರ್ಮ್ಯಾಟ್ ಎಂದಾಗ ಅವೂ ಹೋಗುತ್ತವೆ. ಕೀಲಿ ಹಾಕಿದ್ದೇನೆಂಬ ಧೈರ್ಯದಿಂದ ಫಾರ್ಮ್ಯಾಟ್ ಮಾಡತಕ್ಕದ್ದಲ್ಲ.

ಕಂಪ್ಯೂಟರಿನಲ್ಲೇ ಫಾರ್ಮ್ಯಾಟ್ ಮಾಡಿಬಿಡೋಣ ಎನ್ನುವವರಿದ್ದಾರೆ. ಕಂಪ್ಯೂಟರಿಗೆ ಪಹಣಿ ಬರೆಯುವ ಪದ್ಧತಿಗಳು ಹಲವು ಗೊತ್ತು. ಕ್ಯಾಮರಾಕ್ಕೆ ಓದಲು ಬರುವುದು ಒಂದೆರಡು ಮಾತ್ರ. 4ರಿಂದ 32 ಜಿಬಿವರೆಗಿನ ಕಾರ್ಡಿಗೆ ಫ್ಯಾಟ್ 32 ಎಂಬ ಪದ್ಧತಿಯೂ, ಅದಕ್ಕೂ ದೊಡ್ಡ ಎಸ್‌ಡಿಎಕ್ಸ್‌ಸಿ ಕಾರ್ಡಿಗೆ ಎಕ್ಸ್‌ಫ್ಯಾಟ್ ಎಂಬ ಪದ್ಧತಿಯೂ ನಿಗದಿಯಾಗಿವೆ. ಬೇರೆಯದನ್ನು ಆರಿಸಿದರೆ ಕ್ಯಾಮರಾ ಈ ಕಾರ್ಡು ನನ್ನದಲ್ಲ ಎನ್ನುತ್ತದೆ. ಯಾವ ಕ್ಯಾಮರಾದಲ್ಲಿ ಚಿತ್ರ ತೆಗೆಯುವಿರೋ ಅದರಲ್ಲೇ ಫಾರ್ಮ್ಯಾಟ್ ಮಾಡಿದರೆ ಈ ತಲೆನೋವಿಲ್ಲ. ಜೊತೆಗೆ ಕ್ಯಾಮರಾದ ತಾರೀಖು, ವೇಳೆ ಸರಿಯಾಗಿದೆಯೇ ಎಂದು ಆಗಲೇ ನೋಡಿಬಿಡಿ. ಪ್ರತಿ ಚಿತ್ರದೊಳಗೂ ತೆಗೆದ ವೇಳೆ ದಾಖಲಾಗುತ್ತದೆ. ಆಲಿಕಲ್ಲು ಬೀಳುವುದಕ್ಕೆ ಮೂರು ವರ್ಷ ಮೊದಲಿನ ತಾರೀಖು ಹೊತ್ತ ಚಿತ್ರವನ್ನು ಯಾವ ಅಧಿಕಾರಿ ಒಪ್ಪಿಯಾರು?

ತಪ್ಪಿ ಅಳಿಸಿಹೋದರೆ

ಇಲ್ಲಿಯೇ ಪಹಣಿಯ ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಚಿತ್ರ ಅಳಿಸಿತೆಂದು ತಿಳಿದ ಕ್ಷಣವೇ ಕ್ಯಾಮರಾ ಆರಿಸಿ, ಕಾರ್ಡು ಹೊರತೆಗೆಯಿರಿ. ಇನ್ನೊಂದು ಚಿತ್ರವನ್ನೂ ತೆಗೆಯಕೂಡದು. ಕಾರ್ಡು ಸರಿಯಿದೆಯೇ ಎಂದು ಪರೀಕ್ಷಿಸಲು ಸಹ ಕೂಡದು. ನೀವು ತೆಗೆಯುವ ಒಂದೊಂದು ಚಿತ್ರವೂ ಹಳೆಯ ಬೆಳೆಯ ಮೇಲೆ ನೇಗಿಲು ಹೊಡೆದಂತೆ. ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಒಂದು ಸಣ್ಣ ಜಾರುಗೀಲು ಇದೆ. ಅದನ್ನು ಕೆಳಕ್ಕೆ ಸರಿಸಿದರೆ ಕ್ಯಾಮರಾ ಅದರ ಮೇಲೆ ಏನನ್ನೂ ಬರೆಯದು. ಮೈಕ್ರೋ ಕಾರ್ಡಿಗೆ ಈ ಗೀಲಿಲ್ಲ, ಅದನ್ನು ಕೂರಿಸುವ ಅಡಾಪ್ಟರಿಗೆ ಇರುತ್ತದೆ.

ಆಮೇಲೆ ಕಂಪ್ಯೂಟರ್ ಬಲ್ಲವರ ಬಳಿ ಒಯ್ಯಿರಿ. ಫೋಟೋರೆಕ್ ಎಂಬ ಉಚಿತ ಸಾಧನವಿದೆ. ಅದು ಪಹಣಿಯನ್ನು ಬದಿಗಿಟ್ಟು ಹೊಲವನ್ನೇ ಗಜಗಜವಾಗಿ ಅಳೆದು ಚಿತ್ರಗಳನ್ನು ಹುಡುಕುತ್ತದೆ. ಸಿಕ್ಕ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಇಡಬೇಕೇ ಹೊರತು ಅದೇ ಕಾರ್ಡಿನಲ್ಲಿ ಅಲ್ಲ. ತಡಮಾಡದೆ ಹೋದರೆ ಬಹಳಷ್ಟು ಸಿಗುವ ಸಂಭವವುಂಟು. ಪೂರ್ಣ ಫಾರ್ಮ್ಯಾಟ್ ಮಾಡಿದ್ದರೆ, ಅಥವಾ ನಾಮಕರಣದ ನೂರಾರು ಚಿತ್ರ ಅದರ ಮೇಲೆ ಕುಳಿತಿದ್ದರೆ, ಆಸೆ ಕಡಿಮೆ. ಮೊಬೈಲಿನ ಒಳಗಿನ ಮೆಮೊರಿಯಿಂದ ಅಳಿಸಿದ್ದು ಈ ವಿಧಾನದಿಂದ ಸಿಗುವುದೂ ತೀರ ಕಡಿಮೆ.

ಇನ್ನೊಂದು ಸಂದರ್ಭ. ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೊಡನೆ, ಇದನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತದೆ. ಬಹಳ ಜನ ಗಾಬರಿಯಿಂದ ಒಪ್ಪಿಗೆ ಒತ್ತಿಬಿಡುತ್ತಾರೆ. ಒತ್ತಬೇಡಿ. ಪಹಣಿ ಕೆಟ್ಟಿದೆ ಎಂಬುದಷ್ಟೇ ಅದರ ಅರ್ಥ. ಚಿತ್ರಗಳು ಒಳಗೆ ಕ್ಷೇಮವಾಗಿರಬಹುದು. ಮೊದಲು ಬೇರೆ ಕಾರ್ಡ್ ರೀಡರಿನಲ್ಲಿ ಹಾಕಿ ನೋಡಿ. ಎಷ್ಟೋ ಸಾರಿ ದೋಷ ರೀಡರಿನಲ್ಲೇ ಇರುತ್ತದೆ.

ಕಾವಲು ಕ್ಯಾಮರಾದ ಕಾರ್ಡು

ಅಡಿಕೆ ಒಣಗಿಸುವ ಅಂಗಳಕ್ಕೆ, ಪಂಪ್‌ಸೆಟ್ಟಿನ ಮನೆಗೆ ಸೌರಶಕ್ತಿಯ ಕ್ಯಾಮರಾ ಹಾಕಿಸಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಈ ಕ್ಯಾಮರಾ ಕಾರ್ಡು ತುಂಬಿದೊಡನೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತ ಸುತ್ತುತ್ತದೆ. ದಿನಕ್ಕೆ 10 ಜಿಬಿ ಬರೆಯುವ ಕ್ಯಾಮರಾ 32 ಜಿಬಿ ಕಾರ್ಡನ್ನು ಮೂರೇ ದಿನದಲ್ಲಿ ತುಂಬಿಸುತ್ತದೆ. ಕಳವಾದದ್ದು ಸೋಮವಾರ, ನೀವು ನೋಡಲು ಹೋದದ್ದು ಶನಿವಾರ ಎಂದಾದರೆ ಕಳ್ಳನ ಚಿತ್ರವಿದ್ದ ಜಾಗದಲ್ಲಿ ಖಾಲಿ ಅಂಗಳದ ಚಿತ್ರವಿರುತ್ತದೆ. ಕಳವು ಗೊತ್ತಾದ ಕೂಡಲೇ ಕ್ಯಾಮರಾ ನಿಲ್ಲಿಸಿ, ಕಾರ್ಡು ತೆಗೆದು, ನಕಲು ಮಾಡಿ.

ಹೀಗೆ ಹಗಲಿರುಳು ಬರೆಸಿಕೊಳ್ಳುವ ಕಾರ್ಡು ಬೇಗ ಸವೆಯುತ್ತದೆ. ಪ್ರತಿ ಕಾರ್ಡಿಗೂ ಇಷ್ಟು ಸಾರಿ ಮಾತ್ರ ಅಳಿಸಿ ಬರೆಯಬಹುದೆಂಬ ಮಿತಿಯಿದೆ. ಹೊಲದ ಚಿತ್ರ ತೆಗೆಯುವವರು ಆ ಮಿತಿಯನ್ನು ಮುಟ್ಟುವುದು ಅಪರೂಪ. ಕಾವಲು ಕ್ಯಾಮರಾ ಮುಟ್ಟುತ್ತದೆ. ಆದಕಾರಣ ಅದಕ್ಕೆ ಹೈ ಎಂಡ್ಯೂರೆನ್ಸ್ ಎಂದು ಮುದ್ರಿಸಿರುವ ಕಾರ್ಡನ್ನೇ ಕೊಳ್ಳಿರಿ, ತಿಂಗಳಿಗೊಮ್ಮೆ ಅದು ನಿಜವಾಗಿ ದಾಖಲಿಸುತ್ತಿದೆಯೇ ಎಂದು ನೋಡಿರಿ.

ಕೊಳ್ಳುವುದು, ಇಡುವುದು

ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ 512 ಜಿಬಿ ಕಾರ್ಡನ್ನು ಒಂದೆರಡು ನೂರು ರೂಪಾಯಿಗೆ ಮಾರುವವರಿಂದ ದೂರವಿರಿ. ಅಂಥ ಕಾರ್ಡಿನೊಳಗೆ ನಿಜವಾಗಿರುವುದು 8 ಅಥವಾ 16 ಜಿಬಿ ಇರಬಹುದು, ಪಹಣಿಯಲ್ಲಿ ಮಾತ್ರ ದೊಡ್ಡ ಲೆಕ್ಕ ಬರೆದಿರುತ್ತಾರೆ. ಎರಡು ಎಕರೆ ಹೊಲಕ್ಕೆ ಐವತ್ತು ಎಕರೆ ಪಹಣಿ ಮಾಡಿಸಿದಂತೆ. ಮೊದಲ ಚಿತ್ರಗಳು ಸರಿಯಾಗಿ ಬರುವುದರಿಂದ ಮೋಸ ಗೊತ್ತಾಗುವುದಿಲ್ಲ. ಜಾಗ ಮುಗಿದ ಮೇಲಿನವು ಮಣ್ಣುಪಾಲು. ಪರಿಚಯದ ಅಂಗಡಿಯಲ್ಲಿ ರಸೀದಿ ಪಡೆದು ಕೊಳ್ಳಿ. ಹೊಸ ಕಾರ್ಡನ್ನು ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುವ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಸಾಧನದಿಂದ ಪರೀಕ್ಷಿಸಿಕೊಳ್ಳಬಹುದು.

ಕ್ಯಾಮರಾದ ದೀಪ ಮಿನುಗುತ್ತಿರುವಾಗ ಕಾರ್ಡನ್ನು ಎಳೆಯಬೇಡಿ. ಆಗ ಪಹಣಿ ಬರೆಯುತ್ತಿರುತ್ತದೆ. ಹಿಂಬದಿಯ ಚಿನ್ನದ ಬಣ್ಣದ ಪಟ್ಟಿಗಳನ್ನು ಬೆರಳಿನಿಂದ ಮುಟ್ಟಬೇಡಿ, ಕೊಳೆಯಾದರೆ ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಚಾಕುವಿನಿಂದ ಕೆರೆಯಬೇಡಿ. ಎಲೆಯಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಜೊತೆ ಕಾರ್ಡು ಇಟ್ಟುಕೊಳ್ಳುವ ಅಭ್ಯಾಸವನ್ನು ಹಲವು ಹಿರಿಯರಲ್ಲಿ ಕಂಡಿದ್ದೇನೆ; ದಯವಿಟ್ಟು ಬಿಡಿ. ಯೂರಿಯಾ ಚೀಲವಿರುವ ಕೋಣೆಯೂ ಬೇಡ, ಅದು ತೇವ ಎಳೆಯುತ್ತದೆ. ಕಾರ್ಡಿನ ಜೊತೆ ಬಂದ ಪ್ಲಾಸ್ಟಿಕ್ ಡಬ್ಬಿಯೇ ಅದಕ್ಕೆ ತಕ್ಕ ಮನೆ. ಮಳೆಯಲ್ಲಿ ನೆನೆದರೆ ಒರೆಸಿ, ನೆರಳಿನಲ್ಲಿ ಒಂದೆರಡು ದಿನ ಒಣಗಿಸಿ, ಆಮೇಲೆ ಹಾಕಿ ನೋಡಿ.

ಸಂಘದ ಕ್ಯಾಮರಾಕ್ಕೆ ಒಂದು ಪುಸ್ತಕವಿಡುವುದು ಮೇಲು: ಯಾರು ಒಯ್ದರು, ಯಾವ ದಿನ, ನಕಲು ಆಯಿತೇ, ಎಲ್ಲಿದೆ. ನಕಲಿನ ಅಂಕಣದಲ್ಲಿ ರುಜು ಇಲ್ಲದಿದ್ದರೆ ಮುಂದಿನವರು ಫಾರ್ಮ್ಯಾಟ್ ಮಾಡಕೂಡದು; ಬೇರೆ ಕಾರ್ಡು ಹಾಕಿಕೊಂಡು ಹೋಗಲಿ. ಎರಡನೆಯ ಕಾರ್ಡಿಗೆ ತಗಲುವ ಖರ್ಚು ಒಂದು ಮೂಟೆ ಗೊಬ್ಬರಕ್ಕಿಂತ ಹೆಚ್ಚಲ್ಲ.

ಹಳೆಯ ಕಾರ್ಡನ್ನು ಮಾರುವಾಗ, ಬೇರೆಯವರಿಗೆ ಕೊಡುವಾಗ ಸಾಮಾನ್ಯ ಫಾರ್ಮ್ಯಾಟ್ ಸಾಲದು. ಮನೆಯ ಹೆಣ್ಣುಮಕ್ಕಳ ಚಿತ್ರ, ಬ್ಯಾಂಕ್ ಪಾಸ್‌ಪುಸ್ತಕದ ಚಿತ್ರ ಅದರಲ್ಲಿ ಇದ್ದಿರಬಹುದು. ನಿಮಗೆ ಚಿತ್ರ ಹುಡುಕಿಕೊಟ್ಟ ಸಾಧನವೇ ಅವರಿಗೂ ಹುಡುಕಿಕೊಡುತ್ತದೆ. ಕಂಪ್ಯೂಟರಿನಲ್ಲಿ ಪೂರ್ಣ ಫಾರ್ಮ್ಯಾಟ್ ಮಾಡಿಸಿ ಕೊಡಿ. ಕೆಟ್ಟು ಹೋದ ಕಾರ್ಡಾದರೆ ಕತ್ತರಿಯಿಂದ ತುಂಡು ಮಾಡಿ ಎಸೆಯಿರಿ.