ಎಂಜಿನ್ ಆಮೇಲೆ ನೋಡು, ಮೊದಲು ತಗಡು ನೋಡು

ಟುರಿನ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಿನಗೆ ಹಳೇ ಕಾರಿನ ಹುಚ್ಚು ಹಿಡಿದೇ ಹಿಡಿಯುತ್ತದೆ ಅಂತ ಗೊತ್ತಿತ್ತು ಕಣಪ್ಪ. ಆದರೆ ಮೊದಲನೆಯದಕ್ಕೇ ಆಲ್ಫಾ ರೋಮಿಯೋ ಮಾಂಟ್ರಿಯಲ್! ಫಿಯಟ್ಟೋ, ಆಲ್ಫಾದ್ದೇ ಒಂದು ಜೂಲಿಯಾನೋ ಆಗಿದ್ದರೆ ನಾನು ಬಾಯಿ ಹಾಕುತ್ತಿರಲಿಲ್ಲ. ಬೇಡ ಅನ್ನುವುದಿಲ್ಲ. ದುಡ್ಡು ಕೊಡುವ ಮುಂಚೆ ಎಲ್ಲಿ ಕಣ್ಣಿಡಬೇಕು, ಅಷ್ಟು ಹೇಳುತ್ತೇನೆ.

ಮರುಳು ಮಾಡುವ ಕಾರೇ ಅದು, ಒಪ್ಪಿದೆ. 1967ರ ಮಾಂಟ್ರಿಯಲ್ ವಿಶ್ವಮೇಳದಲ್ಲಿ ಹೆಸರೇ ಇಲ್ಲದೆ ನಿಂತಿದ್ದಾಗ ಜನ ಅದನ್ನು ಊರ ಹೆಸರಿನಿಂದಲೇ ಕರೆದರು. ಮಾರಾಟದ ರೂಪ ಬಂದದ್ದು 1970ರ ಜಿನೀವಾ ಪ್ರದರ್ಶನದಲ್ಲಿ. 1977ರ ಹೊತ್ತಿಗೆ ತಯಾರಾದವು ಸುಮಾರು 3,900. ತಮಾಷೆ ನೋಡು, ಕೆನಡಾದಲ್ಲಿ ಕಂಪನಿ ಇದನ್ನು ಮಾರಲೇ ಇಲ್ಲ. ಬರ್ಟೋನೆ ವಿನ್ಯಾಸ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂದಿನಿಯ ಕೈಚಳಕ ಬೇರೆ. ಬಾನೆಟ್ ಮೇಲಿನ ಗಾಳಿಕಿಂಡಿಗೆ ಮಾತ್ರ ಮೋಸಹೋಗಬೇಡ, ಅದು ಒಳಗಡೆ ಮುಚ್ಚಿದೆ.

ಮಾರುವವನು ಮೊದಲು ಆ ಬಾನೆಟ್ಟನ್ನೇ ಎತ್ತುತ್ತಾನೆ. ಆಲ್ಫಾದ 33 ಮಾದರಿಯ ರೇಸ್ ಕಾರಿನ ವಂಶದ ಎಂಟು ಸಿಲಿಂಡರ್ ಎಂಜಿನ್, 2,593 ಸಿಸಿ, ಸುಮಾರು 200 ಅಶ್ವಶಕ್ತಿ. ಅದರ ದನಿಗೆ ಎಂಥವನೂ ಸೋಲುತ್ತಾನೆ. ನೀನು ಬಗ್ಗಿ ಕಾರಿನ ಅಡಿ ನೋಡು. ಜೂಲಿಯಾ ಕುಟುಂಬದ ತಳದ ಮೇಲೆ ಬರ್ಟೋನೆಯವರು ಬಾಡಿ ಕೂರಿಸಿ, ಬಣ್ಣ ಬಳಿದು, ಎಂಜಿನ್ ಜೋಡಣೆಗೆ ಆಲ್ಫಾದ ಆರೆಸೆ ಕಾರ್ಖಾನೆಗೆ ವಾಪಸು ಕಳಿಸುತ್ತಿದ್ದರು. ಆ ಕಾಲದ ಇಟಲಿಯ ಉಕ್ಕಿಗೆ ತುಕ್ಕಿನಿಂದ ರಕ್ಷಣೆ ಅಷ್ಟಕ್ಕಷ್ಟೇ. ಬಾಗಿಲ ಕೆಳಗಿನ ಪೆಟ್ಟಿಗೆ, ಜಾಕ್ ಕೊಡುವ ಜಾಗ, ಚಕ್ರದ ಕಮಾನು, ಕಾಲಿಡುವ ನೆಲ, ಎಲ್ಲ ಕಡೆ ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡು. ಅಂಟದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಮೆತ್ತಿದ್ದಾರೆ. ಹೊಸದಾಗಿ ಬಣ್ಣ ಹೊಡೆಸಿದ ಕಾರಿಗಿಂತ ತುಕ್ಕು ಕಣ್ಣಿಗೆ ಕಾಣುವ ಕಾರು ಎಷ್ಟೋ ವಾಸಿ.

ಇನ್ನೊಂದು ಲೆಕ್ಕ ಹಾಕು. ಕೆಳಗಿನ ಬಿಡಿಭಾಗ ಎಷ್ಟೋ ಜೂಲಿಯಾದ ಸಂಬಂಧದವು, ಹುಡುಕಿದರೆ ಸಿಗುತ್ತವೆ. ಹೆಡ್‌ಲೈಟಿನ ಮೇಲಿನ ಜಾರುವ ಜಾಲರಿ, ಮುಂದಿನ ಗಾಜು, ಅಂಚುಪಟ್ಟಿ, ಸೀಟಿನ ಬಟ್ಟೆ ಇವೆಲ್ಲ ಈ ಕಾರಿಗೇ ಮೀಸಲು. ಒಂದು ಕಾಣೆಯಾದರೆ ವರ್ಷಗಟ್ಟಲೆ ಹುಡುಕಾಟ. ಅದಕ್ಕೇ ಅಗ್ಗದ ಅರೆಬರೆ ಕಾರಿಗಿಂತ, ಓಡದಿದ್ದರೂ ಸರಿ, ಎಲ್ಲ ಭಾಗ ಉಳಿದಿರುವ ದುಬಾರಿ ಕಾರೇ ಕೊನೆಗೆ ಅಗ್ಗ ಬೀಳುತ್ತದೆ.

ಇದರ ಎಂಜಿನ್ನಿಗೆ ಪೆಟ್ರೋಲ್ ಕೊಡುವ ಸ್ಪೀಕಾ ಇಂಜೆಕ್ಷನ್ ಪಂಪಿನ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಹೊಗೆ ಬಂದರೂ ಅದೇ ಕಾರಣ, ಎಂಜಿನ್ ಮುಕ್ಕರಿಸಿದರೂ ಅದೇ ಕಾರಣ. ಕಿತ್ತು ಕಾರ್ಬ್ಯುರೇಟರ್ ಹಾಕಿಸು ಅನ್ನುವ ಮೇಸ್ತ್ರಿಗಳು ಸಿಕ್ಕೇ ಸಿಗುತ್ತಾರೆ. ಕೇಳಬೇಡ. ಮೊದಲು ಇಗ್ನಿಷನ್, ಪೆಟ್ರೋಲ್ ಫಿಲ್ಟರ್, ಥ್ರಾಟಲ್ ಕಡ್ಡಿಗಳು, ವಾಲ್ವ್ ಸಂದು ಇಷ್ಟು ಸರಿ ಮಾಡಿಸು. ಆಮೇಲೂ ತಕರಾರು ಇದ್ದರೆ ಪಂಪನ್ನು ಬಿಚ್ಚಿ ಬಲ್ಲವರಿಗೆ ಕಳಿಸು, ನೀನೇ ಸ್ಕ್ರೂ ತಿರುಗಿಸಲು ಹೋಗಬೇಡ. ಆಯಿಲ್ ವಿಷಯಕ್ಕೂ ಎಚ್ಚರ: ಇದು ಡ್ರೈ ಸಂಪ್, ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಮಟ್ಟ ನೋಡಬೇಕು. ತಣ್ಣಗಿರುವಾಗ ಕಡ್ಡಿ ಅದ್ದಿ, ಕಮ್ಮಿಯಿದೆ ಅಂತ ತುಂಬಿಸಿದರೆ ಕೆಟ್ಟೆ.

ಕೆಲಸ ಶುರುವಾದರೆ ಇಡೀ ಕಾರನ್ನು ಒಟ್ಟಿಗೇ ಬಿಚ್ಚಿ ಹರಡಬೇಡ. ಅರ್ಧ ಬಿಚ್ಚಿಟ್ಟ ಕಾರು ಕೈ ಬದಲಾಗುತ್ತಾ ಹೋಗುವುದು ಹೀಗೇ. ಒಂದು ಮೂಲೆ ಮುಗಿಸಿ ಇನ್ನೊಂದಕ್ಕೆ ಹೋಗು. ಬಿಚ್ಚುವ ಮುಂಚೆ ಫೋಟೊ, ಬಿಚ್ಚಿದ ಮೇಲೆ ಚೀಟಿ ಅಂಟಿಸಿದ ಡಬ್ಬಿ.

ಕಾಗದಪತ್ರ ನಿನ್ನ ಕೈಗೆ ಬಾರದೆ ಕಾರು ತರಬೇಡ. ರಿಜಿಸ್ಟ್ರೇಷನ್ ರದ್ದಾಗಿದ್ದರೆ ಮತ್ತೆ ರಸ್ತೆಗಿಳಿಸಲು ಹಳೇ ಕಾರುಗಳ ಸಂಘಗಳ ಪ್ರಮಾಣಪತ್ರ ಬೇಕಾಗುತ್ತದೆ, ಓಡಾಟ ಬಹಳ. ಚಾಸಿ ನಂಬರು ಬರೆದುಕೊಂಡು ಆರೆಸೆಯಲ್ಲಿರುವ ಆಲ್ಫಾ ದಾಖಲೆ ವಿಭಾಗಕ್ಕೆ ಕೇಳು. ಕಾರ್ಖಾನೆಯಿಂದ ಹೊರಟಾಗ ಯಾವ ಬಣ್ಣ, ಯಾವ ದಿನ ಅಂತ ಹೇಳುತ್ತಾರೆ. ಆ ಉತ್ತರ ಬರುವವರೆಗೆ ಒಂದು ಯೂರೋ ಮುಂಗಡವನ್ನೂ ಕೊಡಬೇಡ.