ಬೆಂಕಿಯೂ ಗಾಳಿಯೂ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಾಜರಾಜೇಶ್ವರಿನಗರವೆಂಬ ಬಡಾವಣೆಯಿದೆ. ಅಲ್ಲಿನ ಮಾಳಿಗೆಯೊಂದರ ಮೇಲೆ ನಿಂತು ಆಕಾಶವನ್ನು ದಿಟ್ಟಿಸುವ ಬಾಲಕನಿಗೆ ವಿಮಾನವು ಬೆಳ್ಳಿಯ ಚುಕ್ಕೆಯಂತೆ ಕಾಣುತ್ತದೆ. ಅದರ ಎಂಜಿನ್ನಿನ ಒಡಲಲ್ಲಿ ಬೆಂಕಿ ಉರಿಯುತ್ತಿದೆ ಎಂಬುದು ಅವನಿಗೆ ಹೊಳೆಯದು. ಆ ಬೆಂಕಿಯನ್ನು ಪಳಗಿಸುವ ವಿದ್ಯೆ ಅದೇ ನಗರದ ಪೂರ್ವ ಭಾಗದಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಇಂದು ಎಚ್.ಎ.ಎಲ್. ಎಂದು ಪ್ರಸಿದ್ಧವಾಗಿರುವ ಕಾರ್ಖಾನೆಯನ್ನು 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಆರಂಭಿಸಿದರು. ಆರ್ಫಿಯಸ್ ಎಂಬ ಜೆಟ್ ಎಂಜಿನ್ನನ್ನು ತಯಾರಿಸಲು 1957ರಲ್ಲಿ ಅಲ್ಲಿ ಪ್ರತ್ಯೇಕ ವಿಭಾಗವೇ ಸ್ಥಾಪನೆಯಾಯಿತು. 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ ‘ಮಾರುತ್’ ಯುದ್ಧವಿಮಾನದಲ್ಲಿದ್ದುವು ಎರಡು ಆರ್ಫಿಯಸ್ ಎಂಜಿನ್ನುಗಳು. ಮಾರುತವೆಂದರೆ ಗಾಳಿ. ಜೆಟ್ ವಿಮಾನಕ್ಕೆ ಈ ಹೆಸರು ಸಾರ್ಥಕವಾದುದು. ಏಕೆಂದರೆ ಅದರ ಬೆಂಕಿಗೆ ಗಾಳಿಯೇ ಒಡೆಯ.

ಎಂಜಿನ್ನಿನ ಮುಂಭಾಗದಲ್ಲಿರುವ ಸಂಪೀಡಕದ ಅಲಗುಗಳು ಗಾಳಿಯನ್ನು ಒಳಗೆಳೆದು ಒತ್ತುತ್ತವೆ. ಆ ಗಾಳಿ ದಹನಕೋಷ್ಠವನ್ನು ಸೇರುತ್ತದೆ. ಅಲ್ಲಿ ಸೀಮೆಎಣ್ಣೆಯ ಜಾತಿಯ ಇಂಧನವು ತುಂತುರಾಗಿ ಚಿಮ್ಮಿ ಉರಿಯುತ್ತದೆ. ಕಾದ ಅನಿಲವು ಟರ್ಬೈನ್ ಚಕ್ರವನ್ನು ತಿರುಗಿಸಿ, ಹಿಂಬದಿಯಿಂದ ರಭಸವಾಗಿ ಹೊರಬೀಳುತ್ತದೆ. ಟರ್ಬೈನು ತಿರುಗಿದಂತೆ ಅದಕ್ಕೆ ಜೋಡಿಸಿದ ಸಂಪೀಡಕವೂ ತಿರುಗಿ ಮತ್ತಷ್ಟು ಗಾಳಿಯನ್ನು ತರುತ್ತದೆ. ಒಂದು ಕಿಲೋಗ್ರಾಂ ಇಂಧನ ಪೂರ್ಣವಾಗಿ ಉರಿಯಲು ಸುಮಾರು 15 ಕಿಲೋಗ್ರಾಂ ಗಾಳಿ ಬೇಕು. ಎಂಜಿನ್ನು ಅದಕ್ಕಿಂತ ಹಲವು ಪಟ್ಟು ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಹೆಚ್ಚಿನ ಗಾಳಿಯು ಕೋಷ್ಠದ ಗೋಡೆಗಳನ್ನು ತಂಪಾಗಿರಿಸಿ, ಜ್ವಾಲೆಯು ತನ್ನ ಎಲ್ಲೆ ಮೀರದಂತೆ ನೋಡಿಕೊಳ್ಳುತ್ತದೆ.

ನಿಂತಿರುವ ಎಂಜಿನ್ನಿಗೆ ಈ ಗಾಳಿಯ ರಕ್ಷೆಯಿಲ್ಲ. ಆದುದರಿಂದ ಸ್ಟಾರ್ಟರ್ ಎಂಬ ಸಹಾಯಕ ಯಂತ್ರವು ಮೊದಲು ಸಂಪೀಡಕವನ್ನು ತಿರುಗಿಸುತ್ತದೆ. ಸಾಕಷ್ಟು ವೇಗ ಬಂದ ಮೇಲೆ ಇಂಧನವೂ ಕಿಡಿಯೂ ಜೊತೆಗೂಡಬೇಕು. ಕಿಡಿ ತಡವಾದರೆ, ಅಥವಾ ಹಿಂದಿನ ವಿಫಲ ಪ್ರಯತ್ನದ ಇಂಧನ ಒಳಗೆ ಉಳಿದಿದ್ದರೆ, ಇಂಧನ ಹೆಚ್ಚಾಗಿ ಗಾಳಿ ಕಡಮೆಯಾಗುತ್ತದೆ. ಹಿಂಬದಿಯಿಂದ ಬಲವಾಗಿ ಬೀಸುವ ಗಾಳಿಯೂ ಈ ತೊಡಕನ್ನು ಹೆಚ್ಚಿಸಬಲ್ಲದು. ಆಗ ಕೋಷ್ಠದಲ್ಲಿ ಉರಿದು ಮುಗಿಯದ ಇಂಧನವು ಟರ್ಬೈನನ್ನು ದಾಟಿ ಬಾಲದ ಕೊಳವೆಯಲ್ಲಿ ಉರಿಯುತ್ತದೆ. ಜ್ವಾಲೆ ಹೊರಚಾಚುತ್ತದೆ. ಪಂಪ್ ಸ್ಟೌವಿನಲ್ಲಿ ಅಡುಗೆ ಮಾಡಿದ ಹಿರಿಯರಿಗೆ ಇಂಥ ನೋಟ ಅಪರಿಚಿತವಲ್ಲ. ಬರ್ನರು ಕಾಯುವ ಮೊದಲೇ ಪಂಪು ಒತ್ತಿದರೆ ಎಣ್ಣೆ ಹಸಿಯಾಗಿಯೇ ಚಿಮ್ಮಿ, ನೀಲಿ ಜ್ವಾಲೆಗೆ ಬದಲಾಗಿ ಹಳದಿ ಜ್ವಾಲೆ ಮೇಲೇಳುತ್ತಿತ್ತು.

ಈ ಬೆಂಕಿಯು ವಿಮಾನಚಾಲಕನಿಗೆ ಕಾಣಿಸದು. ಬೆಂಕಿಯನ್ನು ಸೂಚಿಸುವ ಉಪಕರಣಗಳು ಎಂಜಿನ್ನಿನ ಹೊರಮೈಯ ಸುತ್ತ ಇರುತ್ತವೆ. ಒಡಲೊಳಗಿನ ಜ್ವಾಲೆಗೆ ಅವು ಎಚ್ಚರಗೊಳ್ಳದಿರಬಹುದು. ನೆಲದ ಮೇಲೆ ನಿಂತ ಸಿಬ್ಬಂದಿ ನೋಡಿ ಹೇಳಿದಾಗಲೇ ಎಷ್ಟೋ ವೇಳೆ ಅದು ತಿಳಿಯುವುದು. ಒಡನೆಯೇ ಚಾಲಕನು ಇಂಧನವನ್ನು ನಿಲ್ಲಿಸುತ್ತಾನೆ; ಸ್ಟಾರ್ಟರನ್ನು ಮಾತ್ರ ನಿಲ್ಲಿಸುವುದಿಲ್ಲ. ಇಂಧನವಿಲ್ಲದೆ ತಿರುಗುವ ಎಂಜಿನ್ನು ಬರಿಯ ಗಾಳಿಯನ್ನು ನೂಕಿ, ಉಳಿದ ಜ್ವಾಲೆಯನ್ನು ಊದಿ ಆರಿಸುತ್ತದೆ. ಒಲೆಯನ್ನು ಊದಿದರೆ ಬೆಂಕಿ ಹೆಚ್ಚುತ್ತದೆ, ದೀಪವನ್ನು ಊದಿದರೆ ಆರುತ್ತದೆ. ಉಸಿರು ಒಂದೇ; ಫಲ ಬೇರೆ.

ಎಂಜಿನ್ನಿನ ಹೊರಮೈಗೆ ತಗುಲಿದ ಬೆಂಕಿಯ ಮಾತು ಬೇರೆ. ಅದಕ್ಕೆ ಬೆಂಕಿಯಾರಿಸುವ ಸಾಧನವೇ ಬೇಕು. ಯಾವುದು ಎಂಥ ಬೆಂಕಿ ಎಂಬುದನ್ನು ತಿಳಿದವರು ಹೇಳುವವರೆಗೆ ಪ್ರಯಾಣಿಕರು ಕಾಯಬೇಕು. ಕಿಟಕಿಯಲ್ಲಿ ಉರಿಯನ್ನು ಕಂಡು ಬಾಗಿಲು ತೆರೆದು ಧುಮುಕಿದರೆ, ಕ್ಷಣದಲ್ಲಿ ಆರಿಹೋಗುವ ಜ್ವಾಲೆಗೆ ಅಂಜಿ ಕೈಕಾಲು ಮುರಿದುಕೊಂಡಂತಾಗುತ್ತದೆ. ನೆಲದ ಮೇಲೆ ನಿಂತವನ ಎಚ್ಚರದ ಕಣ್ಣು, ಚಾಲಕನ ಸ್ಥಿರವಾದ ಕೈ, ಪ್ರಯಾಣಿಕರ ತಾಳ್ಮೆ—ಈ ಮೂರೂ ಕೂಡಿದಾಗ ಆ ಬೆಂಕಿಯಿಂದ ಯಾರಿಗೂ ಕೇಡಾಗದು.