ಇಬ್ಬರೂ ಬೇಡವೆನಿಸಿದಾಗ

ಅಮೆರಿಕದ ಪೌರತ್ವ ಸಿಕ್ಕಮೇಲೆ ನಾನು ಹಾಕಿದ ಮೊದಲ ಓಟು 2016ರ ಅಧ್ಯಕ್ಷೀಯ ಚುನಾವಣೆಯದು. ವರ್ಷಗಟ್ಟಲೆ ಕಾದು ಪಡೆದ ಹಕ್ಕು, ಆದರೆ ಮತಪತ್ರದ ಒಂದು ಹೆಸರೂ ಮನಸ್ಸಿಗೆ ಒಗ್ಗಲಿಲ್ಲ. ಹಿಲರಿ ಕ್ಲಿಂಟನ್ ಸೆನೆಟರ್ ಆಗಿದ್ದಾಗ ಇರಾಕ್ ಯುದ್ಧಕ್ಕೆ ಕೈಯೆತ್ತಿದವರು. ಆಮೇಲೆ ಸರ್ಕಾರಿ ಇಮೇಲ್‌ಗಳನ್ನು ಖಾಸಗಿ ಸರ್ವರಿನಲ್ಲಿ ನಡೆಸಿದವರು. ಡೊನಾಲ್ಡ್ ಟ್ರಂಪ್ ತಮ್ಮ ತೆರಿಗೆ ವಿವರ ತೋರಿಸಲು ಒಪ್ಪಲಿಲ್ಲ, ಮುಸ್ಲಿಮರನ್ನು ದೇಶದೊಳಗೇ ಬಿಡಬಾರದು ಎಂದರು. ಹೆಂಗಸರ ಬಗ್ಗೆ ಅವರಾಡಿದ ಮಾತಿನ ಟೇಪು ಅಕ್ಟೋಬರಿನಲ್ಲಿ ಹೊರಬಿದ್ದಾಗ, ಮಗಳು ಕೋಣೆಗೆ ಬಂದಳೆಂದು ಟಿವಿ ಆರಿಸಿದ್ದೆ.

ಚಿತ್ರದುರ್ಗದಿಂದ ಅಪ್ಪ ಫೋನಿನಲ್ಲಿ, "ಅಲ್ಲಿ ನೋಟಾ ಇಲ್ವೇನಮ್ಮಾ?" ಎಂದು ಕೇಳಿದರು. ನಮ್ಮಲ್ಲಿ 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಆ ಸೌಲಭ್ಯ ಅಮೆರಿಕದಲ್ಲಿ ನೆವಾಡಾ ರಾಜ್ಯದಲ್ಲಿ ಮಾತ್ರ ಇದೆ, ನಾವಿರುವುದು ಮಿಶಿಗನ್‌ನಲ್ಲಿ. ಇದ್ದಿದ್ದರೂ ನಾನದನ್ನು ಆರಿಸುತ್ತಿರಲಿಲ್ಲ. ಎಷ್ಟು ಜನ ಬೇಡವೆಂದರೂ ಜನವರಿ 20ಕ್ಕೆ ಆ ಕುರ್ಚಿಯಲ್ಲಿ ಯಾರಾದರೊಬ್ಬರು ಕೂತೇ ಕೂರುತ್ತಾರೆ.

ನನ್ನ ಯೋಚನೆಯ ದಿಕ್ಕು ತಿರುಗಿಸಿದ್ದು ಆ ವರ್ಷದ ದೀಪಾವಳಿ ಊಟ. ಪಂಕ್ತಿಯಲ್ಲಿ ಕೂತ ಕನ್ನಡಿಗರಲ್ಲಿ ಅರ್ಧಕ್ಕರ್ಧ ಜನರಿಗೆ ಓಟಿಲ್ಲ. ವೀಸಾದವರು, ಗ್ರೀನ್ ಕಾರ್ಡಿನವರು. ಪಕ್ಕದಲ್ಲಿದ್ದ ಹುಡುಗಿ ಎಂಜಿನಿಯರಿಂಗ್ ಓದಿ, ಗಂಡನ ಜೊತೆ ಎಚ್-4 ವೀಸಾದಲ್ಲಿ ಬಂದು, ವರ್ಷಗಟ್ಟಲೆ ಮನೆಯಲ್ಲೇ ಕೂತಿದ್ದವಳು. 2015ರಲ್ಲಿ ಒಬಾಮಾ ಸರ್ಕಾರ ನಿಯಮ ಬದಲಿಸಿದ ಮೇಲೆ ಕೆಲಸಕ್ಕೆ ಸೇರಿದ್ದಳು. "ಅಕ್ಕಾ, ಯಾರಿಗೆ ಹಾಕ್ತೀರೋ ನಿಮ್ಮಿಷ್ಟ. ಹಾಕೋದು ಮಾತ್ರ ಬಿಡಬೇಡಿ" ಎಂದಳು.

ಅವಳ ಕೆಲಸ ನಿಂತಿದ್ದದ್ದು ವಲಸೆ ನೋಡಿಕೊಳ್ಳುವ ಇಲಾಖೆಯ ಒಂದು ನಿಯಮದ ಮೇಲೆ. ಹೊಸ ಅಧ್ಯಕ್ಷರ ಇಲಾಖೆ ಮನಸ್ಸು ಮಾಡಿದರೆ ಅದನ್ನು ತೆಗೆಯಬಹುದು. ಅವಳ ಗಂಡನ ಗ್ರೀನ್ ಕಾರ್ಡಿನ ಸಾಲು ಹಾಗಲ್ಲ. ವರ್ಷದ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇ. 7 ಎಂಬ ಮಿತಿಯನ್ನು ಕಾನೂನಿನಲ್ಲೇ ಬರೆದಿದ್ದಾರೆ; ಅಮೆರಿಕದ ಸಂಸತ್ತು ತಿದ್ದದೆ ಯಾವ ಅಧ್ಯಕ್ಷರ ಕೈಯಲ್ಲೂ ಅದನ್ನು ಬದಲಿಸಲಾಗದು. ಅಂದಿನಿಂದ ಅಭ್ಯರ್ಥಿಗಳ ಗುಣ ಎಣಿಸುವುದನ್ನು ಬಿಟ್ಟು, ಒಂದು ಹಾಳೆಗೆ ಅಡ್ಡಗೆರೆ ಎಳೆದೆ. ಮೇಲೆ, ಅಧ್ಯಕ್ಷರು ತಾವೇ ಮಾಡಬಹುದಾದದ್ದು. ಕೆಳಗೆ, ಸಂಸತ್ತು ಒಪ್ಪಿದರೆ ಮಾತ್ರ ಆಗುವಂಥದ್ದು.

ಪ್ರಚಾರದ ಗದ್ದಲವೆಲ್ಲ ಕೆಳಗಿನ ಪಟ್ಟಿಗೇ ಸೇರಿತು: ಗಡಿಗೋಡೆಯ ಹಣ, ತೆರಿಗೆ ಕಡಿತ, ಕಾಲೇಜು ಶುಲ್ಕದ ಮನ್ನಾ, ವರ್ಷಕ್ಕೆ 85,000 ಎಚ್-1ಬಿ ವೀಸಾಗಳ ಮಿತಿ. ಮೇಲಿನ ಪಟ್ಟಿ ಚಿಕ್ಕದು, ಆದರೆ ಓದಿದರೆ ಎದೆ ಭಾರವಾಗುವಂಥದ್ದು. ಸರ್ಕಾರದಲ್ಲಿ ಸುಮಾರು 4,000 ಹುದ್ದೆಗಳಿಗೆ ಅಧ್ಯಕ್ಷರ ಕಡೆಯವರು ಬರುತ್ತಾರೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಕಲಿಯಾ ಫೆಬ್ರುವರಿಯಲ್ಲಿ ತೀರಿಕೊಂಡಿದ್ದರು. ಆ ಜಾಗಕ್ಕೆ ಒಬಾಮಾ ಸೂಚಿಸಿದ ಮೆರಿಕ್ ಗಾರ್ಲಂಡ್ ಅವರ ವಿಚಾರಣೆಯನ್ನೇ ಸೆನೆಟ್ ನಡೆಸಲಿಲ್ಲ. ಆ ಜೀವಾವಧಿ ಸ್ಥಾನಕ್ಕೆ ಹೆಸರು ಸೂಚಿಸುವವರು ಹೊಸ ಅಧ್ಯಕ್ಷರೇ. ಪ್ಯಾರಿಸ್ ಹವಾಮಾನ ಒಪ್ಪಂದದಲ್ಲಿ ಉಳಿಯುವುದೋ ಬಿಡುವುದೋ, ಅದೂ ಅವರದೇ ತೀರ್ಮಾನ. ಇನ್ನು ಅಣ್ವಸ್ತ್ರ ಪ್ರಯೋಗಕ್ಕೆ ಆಜ್ಞೆ ಕೊಡಲು ಅವರು ಬೇರೆ ಯಾರ ಒಪ್ಪಿಗೆಯನ್ನೂ ಪಡೆಯಬೇಕಿಲ್ಲ. ಈ ಕೊನೆಯ ಸಾಲನ್ನು ಬರೆದ ಮೇಲೆ ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಿಲರಿಯವರ ಮೇಲೆ ನನಗೆ ವಿಶ್ವಾಸವಿರಲಿಲ್ಲ, ಆದರೆ ಸಿಟ್ಟಿನ ಭರದಲ್ಲಿ ತೀರ್ಮಾನ ತೆಗೆದುಕೊಳ್ಳುವವರಲ್ಲ ಎಂಬ ನಂಬಿಕೆಯಿತ್ತು. ಓಟನ್ನು ಅವರಿಗೇ ಹಾಕಿದೆ.

ಪಕ್ಕದ ಮನೆಯ ಹಿರಿಯರು ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಪೆಸಿಫಿಕ್ ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದ. ಅದನ್ನು 2012ರಲ್ಲಿ ಹೊಗಳಿ 2015ರಲ್ಲಿ ವಿರೋಧಿಸಿದ ಹಿಲರಿಯವರನ್ನು ಅವರು ನಂಬಲಿಲ್ಲ, ಟ್ರಂಪ್‌ಗೆ ಹಾಕಿದರು. ಅಧಿಕಾರಕ್ಕೆ ಬಂದ ಮೊದಲ ವಾರದಲ್ಲೇ ಟ್ರಂಪ್ ಒಂದು ಸಹಿಯಿಂದ ಅಮೆರಿಕವನ್ನು ಆ ಒಪ್ಪಂದದಿಂದ ಹೊರತಂದರು. ಆ ಹಿರಿಯರ ಆಯ್ಕೆಯನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ಅಧ್ಯಕ್ಷರಿಂದ ಆಗುವ ಕೆಲಸವನ್ನೇ ಅವರು ಕೇಳಿದ್ದರು, ಅದು ಆಯಿತು. ಎಚ್-4 ನಿಯಮ ರದ್ದು ಮಾಡುವ ಪ್ರಸ್ತಾವವೂ ಅದೇ ವರ್ಷ ಬಂತು. ಅದು ಜಾರಿಯಾಗಲಿಲ್ಲ, 2021ರ ಜನವರಿಯಲ್ಲಿ ವಾಪಸಾಯಿತು. ಅಲ್ಲಿಯತನಕ ಆ ಹುಡುಗಿ ಮನೆ ಕೊಳ್ಳುವ ಮಾತನ್ನೇ ಎತ್ತಲಿಲ್ಲ.

2016ರಲ್ಲಿ ಮಿಶಿಗನ್‌ನಲ್ಲಿ ಗೆದ್ದವರಿಗೆ ರಾಜ್ಯಕ್ಕೆ ಆಗ ಇದ್ದ 16 ಎಲೆಕ್ಟೋರಲ್ ಮತಗಳೂ ಒಟ್ಟಿಗೇ ಹೋದವು. ಟ್ರಂಪ್ ಗೆದ್ದದ್ದು 10,704 ಓಟುಗಳಿಂದ. ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ 51,000ಕ್ಕೂ ಹೆಚ್ಚು ಓಟು ಬಿದ್ದಿದ್ದವು. ಆಕೆಯ ಮಾತನ್ನು ನಂಬಿ ಹಾಕಿದವರನ್ನು ನಾನು ದೂರುವುದಿಲ್ಲ. ನನ್ನನ್ನು ಕಾಡುವುದು, ಓಟು ಹಾಕಿಯೂ ಅಧ್ಯಕ್ಷರ ಜಾಗವನ್ನು ಖಾಲಿ ಬಿಟ್ಟವರ 75,000ಕ್ಕೂ ಹೆಚ್ಚು ಮತಪತ್ರಗಳು. ಬೇಸರ ಎಷ್ಟೇ ನಿಜವಿದ್ದರೂ ಅದನ್ನು ಎಣಿಕೆಯಲ್ಲಿ ಯಾರೂ ಓದುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಮತಪತ್ರ ಎರಡು ಬದಿಯ ಉದ್ದನೆಯ ಹಾಳೆ. ನ್ಯಾಯಾಧೀಶರು, ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳು, ಶಾಲಾ ಮಂಡಳಿ, ಎಲ್ಲರ ಹೆಸರಿನ ಪಕ್ಕದಲ್ಲೂ ಪೆನ್ನಿನಿಂದ ತುಂಬಬೇಕಾದ ಪುಟ್ಟ ಅಂಡಾಕಾರ. ಆ ವರ್ಷ ಡೆಟ್ರಾಯಿಟ್ ಸುತ್ತಲಿನ ನಾಲ್ಕು ಕೌಂಟಿಗಳನ್ನು ಬಸ್ಸು, ರೈಲುಗಳಿಂದ ಬೆಸೆಯುವ ತೆರಿಗೆ ಪ್ರಸ್ತಾವವೂ ಅದರಲ್ಲಿತ್ತು, ಸಣ್ಣ ಅಂತರದಲ್ಲಿ ಬಿದ್ದುಹೋಯಿತು. ಕಾರಿಲ್ಲದವರ ದಿನಚರಿಯನ್ನೇ ಬದಲಿಸಬಹುದಾಗಿದ್ದ ಆ ಸಾಲಿನ ಬಗ್ಗೆ ನಮ್ಮ ಊಟದ ಪಂಕ್ತಿಯಲ್ಲಿ ಯಾರೂ ಮಾತೆತ್ತಿರಲಿಲ್ಲ. ಈಗ ಮಾದರಿ ಮತಪತ್ರ ಕೈಗೆ ಸಿಕ್ಕ ಕೂಡಲೇ ನಾನು ಅದನ್ನು ಕೆಳಗಿನಿಂದ ಓದುತ್ತೇನೆ; ಅಧ್ಯಕ್ಷರ ಹೆಸರು ಕೊನೆಗೆ.